ದುರ್ಬೀನಿನ ಲೆಕ್ಕ

ಮಲೆನಾಡಿನವರಿಗೆ ಕೋವಿ ಅಪರಿಚಿತ ವಸ್ತುವಲ್ಲ. ನನ್ನ ಬಾಲ್ಯದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆಯ ದೊಡ್ಡ ಮನೆಗಳಿಗೆ ಹೋದರೆ ಜಗಲಿಯ ಗೂಟದಲ್ಲಿ ಒಂದು ಕೇಪಿನ ಕೋವಿಯೋ ತೋಟಾಕೋವಿಯೋ ತೂಗುತ್ತಿರುವುದು ಕಾಣುತ್ತಿತ್ತು. ಗದ್ದೆಗೆ ನುಗ್ಗುವ ಹಂದಿಯನ್ನೂ ತೋಟಕ್ಕೆ ಬೀಳುವ ಮಂಗಗಳನ್ನೂ ಹೆದರಿಸುವುದೇ ಅದರ ಮುಖ್ಯ ಕೆಲಸವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಮಾತು ಹಿರಿಯರ ನೆನಪುಗಳಿಗೂ, ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಥೆಗಳಿಗೂ ಸರಿಯಿತು. ಈಗ ನಮ್ಮ ಕಡೆ ಕೋವಿಯ ಸುದ್ದಿ ಬರುವುದು ಬಹುಮಟ್ಟಿಗೆ ಚುನಾವಣೆಯ ಕಾಲದಲ್ಲಿ, ಪರವಾನಗಿದಾರರು ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರುವಾಗ ಮಾತ್ರ. ನೆರೆಯ ಕೊಡಗಿನಲ್ಲಾದರೆ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇಂದಿಗೂ ನಡೆಯುತ್ತದೆ.

ಈ ಎಲ್ಲ ಕೋವಿಗಳಲ್ಲಿ ಗುರಿ ನೋಡುವುದಕ್ಕೆ ಇದ್ದ ಉಪಕರಣವೆಂದರೆ ನಳಿಗೆಯ ತುದಿಯಲ್ಲಿ ಕೂರಿಸಿದ ಒಂದು ಚಿಕ್ಕ ಮಣಿ ಮಾತ್ರ. ಕೋವಿಯ ಮೇಲೆ ದುರ್ಬೀನು ಕೂರಿಸಿದ್ದನ್ನು ನಾವು ಸಿನಿಮಾದಲ್ಲಲ್ಲದೆ ಬೇರೆಲ್ಲೂ ನೋಡಿದವರಲ್ಲ. ಆದಕಾರಣ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಐವತ್ತು ಸಮೀಪಿಸಿರುವ ಅಡಕೆ ಬೆಳೆಗಾರ, ನವುಲೆಯ ನಮ್ಮ ಮನೆಗೆ ಬಂದು, "ಮೇಷ್ಟ್ರೇ, ರೈಫಲ್ಲಿಗೆ ಹಾಕುವ ದುರ್ಬೀನು ತಗೋಬೇಕು. ಯಾವ ನಂಬರಿನದು ಒಳ್ಳೆಯದು ಅಂತ ನೀವೇ ಹೇಳಬೇಕು" ಎಂದಾಗ ನನಗೆ ಆಶ್ಚರ್ಯವೇ ಆಯಿತು.

ವಿಷಯ ಹೀಗಿತ್ತು. ಅವನ ಮಗಳು ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಎನ್.ಸಿ.ಸಿ.ಯಲ್ಲಿದ್ದಾಗ ಹತ್ತಿದ ಗುರಿ ಹೊಡೆಯುವ ಹವ್ಯಾಸ ಬೆಳೆದು, ಅಲ್ಲಿನ ಕ್ಲಬ್ಬೊಂದಕ್ಕೆ ಸೇರಿ ಹತ್ತು ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಿದ್ದಾಳೆ. ಆದರೆ ಕೆಲವು ತಿಂಗಳಿಂದ ಅವಳ ಅಂಕಗಳು ಕೆಳಗಿಳಿಯುತ್ತಿವೆ. ದಸರಾ ರಜೆಗೆ ಬಂದವಳು ತಾಯಿಯೊಡನೆ ಅಡಿಗೆಮನೆಯಲ್ಲಿ, "ನನಗೆ ಆ ಕಪ್ಪು ಚುಕ್ಕೆ ಸರಿಯಾಗಿ ಕಾಣಿಸೋದೇ ಇಲ್ಲಮ್ಮ. ಕಣ್ಣೇ ಸರಿ ಇಲ್ಲದವಳು ಗುರಿ ಹೊಡೆದು ಏನು ಮಾಡಲಿ, ಬಿಟ್ಟುಬಿಡುತ್ತೇನೆ" ಎಂದು ಅತ್ತದ್ದನ್ನು ಇವನು ಹೊರಗಿನಿಂದ ಕೇಳಿಸಿಕೊಂಡಿದ್ದಾನೆ. ಹುಡುಗಿಗೆ ಏಳನೆಯ ತರಗತಿಯಿಂದಲೂ ಸಮೀಪದೃಷ್ಟಿಯ ಕನ್ನಡಕವಿದೆ. ಮಗಳಿಗೆ ತಿಳಿಸದೆ ಅತಿ ಹೆಚ್ಚು ದೊಡ್ಡದಾಗಿ ತೋರಿಸುವ ದುರ್ಬೀನೊಂದನ್ನು ತರಿಸಿ ಅವಳ ಕೈಗಿಡಬೇಕೆಂಬುದು ತಂದೆಯ ಸಂಕಲ್ಪ. ಮೊಬೈಲಿನಲ್ಲಿ ಅವನು ತೋರಿಸಿದ ಪಟ್ಟಿಯಲ್ಲಿದ್ದ ಬೆಲೆಗಳು ಆ ವರ್ಷದ ಅಡಕೆಯ ಫಸಲಿನಲ್ಲಿ ಒಂದು ದೊಡ್ಡ ಪಾಲನ್ನೇ ನುಂಗುವಂಥವು.

"ಹಣದ ಯೋಚನೆ ಬೇಡ ಮೇಷ್ಟ್ರೇ. ಕಣ್ಣಿನ ಕೊರತೆ ತುಂಬಿದರೆ ಸಾಕು" ಎಂದ.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಕಲಿಸಿದವನು. ಬಿ.ಎಡ್. ಓದುವಾಗ ಪರೀಕ್ಷಕರ ಮುಂದೆ ಮಾಡಿದ ಪಾಠವೂ ಮಸೂರಗಳನ್ನು ಕುರಿತದ್ದೇ. ಒಂದು ವಾರ ಸಮಯ ಕೊಡು ಎಂದು ಅವನನ್ನು ಕಳಿಸಿ, ಆ ವಾರವೆಲ್ಲ ಓದಿದೆ. ಟೆಕ್ಸಾಸಿನಲ್ಲಿರುವ ನನ್ನ ಅಕ್ಕನ ಮಗನಿಗೂ ಫೋನು ಮಾಡಿದೆ. ಅವನು ಅಲ್ಲಿ ವಾರಾಂತ್ಯಗಳಲ್ಲಿ ದೂರದ ಗುರಿ ಹೊಡೆಯುವವನು. ಹೀಗೆ ನಾನು ತಿಳಿದುಕೊಂಡದ್ದು ಇನ್ನೂ ಕೆಲವರಿಗೆ ಉಪಯೋಗಕ್ಕೆ ಬಂದೀತೆಂಬ ಆಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ನಂಬರಿನ ವಿಚಾರ. ದುರ್ಬೀನಿನ ಮೇಲೆ 8-32×56 ಎಂದು ಬರೆದಿದ್ದರೆ, ಅದು ವಸ್ತುವನ್ನು 8ರಿಂದ 32 ಪಟ್ಟಿನವರೆಗೆ ದೊಡ್ಡದಾಗಿ ತೋರಿಸಬಲ್ಲದು, ಮತ್ತು ಅದರ ಮುಂದಿನ ವಸ್ತುಮಸೂರದ ವ್ಯಾಸ 56 ಮಿ.ಮೀ. ಎಂದರ್ಥ. ಕೊಳ್ಳುವವರು ಮೊದಲಿನ ಸಂಖ್ಯೆಯನ್ನೇ ನೋಡಿ ಮರುಳಾಗುತ್ತಾರೆ. ನಿಜವಾಗಿ ಎರಡನ್ನೂ ಜೊತೆಯಲ್ಲಿಟ್ಟು ನೋಡಬೇಕು. ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ನೇತ್ರಮಸೂರದಿಂದ ಹೊರಬರುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ. 8 ಪಟ್ಟಿನಲ್ಲಿ ಅದು 7 ಮಿ.ಮೀ.; 32 ಪಟ್ಟಿನಲ್ಲಿ 1.75 ಮಿ.ಮೀ. ಮಾತ್ರ. ನನ್ನ ವಿದ್ಯಾರ್ಥಿಯ ಪಟ್ಟಿಯಲ್ಲಿದ್ದ 10-50×60ರಲ್ಲಿ 50 ಪಟ್ಟು ಹಿಗ್ಗಿಸಿದರೆ 1.2 ಮಿ.ಮೀ. ಹಗಲು ಬೆಳಕಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿ.ಮೀ. ತೆರೆದಿರುತ್ತದೆ. ಅದಕ್ಕಿಂತ ಸಣ್ಣ ಬೆಳಕಿನ ಕಂಬ ಬಂದರೆ ಬಿಂಬ ಮಂಕಾಗುತ್ತದೆ. ತಲೆ ಕೂದಲೆಳೆಯಷ್ಟು ಸರಿದರೂ ಕಣ್ಣಿನ ಮುಂದೆ ಕಪ್ಪು ನೆರಳು ಬೀಳುತ್ತದೆ. ಕಾಣುವ ಕ್ಷೇತ್ರವೂ ವರ್ಧನೆ ಹೆಚ್ಚಿದಷ್ಟೂ ಕಿರಿದಾಗುತ್ತದೆ. ಪಕ್ಕದವನ ಗುರಿಹಲಗೆಯನ್ನೇ ತನ್ನದೆಂದು ತಿಳಿದು ಹೊಡೆಯುವ ಪ್ರಸಂಗಗಳಿಗೆ ಇದೂ ಒಂದು ಕಾರಣವಂತೆ.

ಇನ್ನೊಂದು ಮಿತಿಯನ್ನು ಬೆಳಕೇ ವಿಧಿಸಿದೆ. ಬೆಳಕು ಅಲೆಯಾದ್ದರಿಂದ ಮಸೂರದ ಅಂಚಿನಲ್ಲಿ ವಿವರ್ತನೆಗೊಂಡು, ಒಂದು ಬಿಂದುವಿನ ಬಿಂಬ ಸಣ್ಣ ತಟ್ಟೆಯಾಗಿ ಹರಡುತ್ತದೆ. ಖಗೋಳ ವೀಕ್ಷಕರ ಒಂದು ಹಳೆಯ ಸೂತ್ರವಿದೆ: 116ನ್ನು ಮಸೂರದ ವ್ಯಾಸದಿಂದ (ಮಿ.ಮೀ.ಗಳಲ್ಲಿ) ಭಾಗಿಸಿದರೆ ಆ ಮಸೂರ ಬೇರ್ಪಡಿಸಿ ತೋರಿಸಬಲ್ಲ ಅತಿ ಚಿಕ್ಕ ಕೋನ ಸೆಕೆಂಡುಗಳಲ್ಲಿ ಸಿಗುತ್ತದೆ. ಇಲ್ಲಿ ಸೆಕೆಂಡೆಂದರೆ ಕಾಲದ ಅಳತೆಯಲ್ಲ, ಕೋನದ ಅಳತೆ. ಒಂದು ಡಿಗ್ರಿಗೆ 60 ಮಿನಿಟು, ಒಂದು ಮಿನಿಟಿಗೆ 60 ಸೆಕೆಂಡು. ನಮ್ಮ ಜ್ಯೋತಿಷದವರು ಇವನ್ನೇ ಕಲೆ, ವಿಕಲೆ ಎನ್ನುತ್ತಾರೆ. ಆ ಸೊಗಸಾದ ಹೆಸರುಗಳನ್ನೇ ನಾನೂ ಬಳಸುತ್ತೇನೆ. 56 ಮಿ.ಮೀ. ಮಸೂರಕ್ಕೆ ಈ ಮಿತಿ ಸುಮಾರು 2 ವಿಕಲೆ. ಬರಿಗಣ್ಣಿನ ಮಿತಿ ಸುಮಾರು 1 ಕಲೆ, ಅಂದರೆ 60 ವಿಕಲೆ. ಎರಡನ್ನೂ ಹೊಂದಿಸಲು ಸುಮಾರು 30 ಪಟ್ಟು ವರ್ಧನೆ ಸಾಕು. ಅದರಾಚೆಗೆ ಹಿಗ್ಗಿಸಿದರೆ ಕಣ್ಣಿಗೆ ಒಂದಿಷ್ಟು ಆರಾಮವಾದೀತೇ ಹೊರತು ಹೊಸ ವಿವರವೇನೂ ಕಾಣಿಸದು. ರಬ್ಬರ್ ಬಲೂನಿನ ಮೇಲೆ ಬರೆದ ಅಕ್ಷರ ಊದಿದಷ್ಟೂ ದೊಡ್ಡದಾಗುತ್ತದೆ, ಬರೆದದ್ದು ಮಾತ್ರ ಅಷ್ಟೇ ಇರುತ್ತದೆ.

ಕಲೆಯ ಲೆಕ್ಕವನ್ನು ಇನ್ನೂ ಸ್ವಲ್ಪ ಮುಂದುವರಿಸಬೇಕು, ಏಕೆಂದರೆ ಶೂಟಿಂಗಿನವರ ವ್ಯವಹಾರವೆಲ್ಲ ಅದರಲ್ಲೇ ನಡೆಯುತ್ತದೆ. 1 ಕಲೆಯ ಕೋನ 100 ಮೀಟರ್ ದೂರದಲ್ಲಿ 29 ಮಿ.ಮೀ. ಆಗುತ್ತದೆ, 50 ಮೀಟರಿನಲ್ಲಿ ಹದಿನಾಲ್ಕೂವರೆ, 10 ಮೀಟರಿನಲ್ಲಿ 2.9 ಮಿ.ಮೀ. ದುರ್ಬೀನಿನ ಮೇಲ್ಗಡೆ ಮತ್ತು ಬದಿಯಲ್ಲಿ ತಿರುಪುಗಳಿರುತ್ತವೆ. ಟಿಕ್ ಎಂದು ಒಂದು ಸಲ ತಿರುಗಿಸಿದರೆ ಗುರಿಯ ಬಿಂದು ಕಾಲು ಕಲೆಯೋ ಅರೆಕಾಲು ಕಲೆಯೋ ಸರಿಯುತ್ತದೆ. ಕಾಲು ಕಲೆ ಎಂದರೆ 100 ಮೀಟರಿನಲ್ಲಿ ಸುಮಾರು 7 ಮಿ.ಮೀ.; ಅರೆಕಾಲು ಎಂದರೆ ಮೂರೂವರೆ ಚಿಲ್ಲರೆ. ಇನ್ನು ಕೆಲವದರಲ್ಲಿ ಕಲೆಯ ಬದಲು ರೇಡಿಯನ್ನಿನ ಸಾವಿರದ ಒಂದು ಭಾಗದ ಅಳತೆ ಇರುತ್ತದೆ. ಅದರ ಹತ್ತನೆಯ ಒಂದು ಭಾಗ 100 ಮೀಟರಿನಲ್ಲಿ ಸರಿಯಾಗಿ 1 ಸೆಂ.ಮೀ. ರೇಡಿಯನ್ ಎಂಬುದು ಪರೀಕ್ಷೆಗಲ್ಲದೆ ಬೇರೆ ಯಾವುದಕ್ಕೆ ಬರುತ್ತದೆ ಸಾರ್ ಎಂದು ಕೇಳುತ್ತಿದ್ದ ಮಕ್ಕಳಿಗೆ ಕೊಡಬಹುದಾಗಿದ್ದ ಉತ್ತರವೊಂದು ನಿವೃತ್ತಿಯಾದ ಮೇಲೆ ನನಗೆ ಸಿಕ್ಕಿತು.

ಕೊಳ್ಳುವವರು ಮರೆಯುವ ಇನ್ನೊಂದು ಸಂಗತಿ ಪ್ಯಾರಲಾಕ್ಸ್. ಬಸ್ಸಿನ ಚಾಲಕನ ಎದುರಿನ ವೇಗದ ಮುಳ್ಳನ್ನು ಎಡಗಡೆಯ ಸೀಟಿನಿಂದ ನೋಡಿದರೆ ಬೇರೆ ಅಂಕಿಯ ಮೇಲಿರುವಂತೆ ಕಾಣುತ್ತದಲ್ಲವೆ? ಮುಳ್ಳೂ ಅಂಕಿಗಳೂ ಒಂದೇ ಸಮತಲದಲ್ಲಿಲ್ಲದಿರುವುದೇ ಕಾರಣ. ದುರ್ಬೀನಿನಲ್ಲೂ ಗುರಿಯ ಬಿಂಬ ಮತ್ತು ಒಳಗಿನ ಅಡ್ಡಗೆರೆಗಳು ಒಂದೇ ಸಮತಲದಲ್ಲಿ ಕೂಡದಿದ್ದರೆ, ತಲೆ ಅಲುಗಿದಂತೆ ಗೆರೆ ಗುರಿಯ ಮೇಲೆ ತೇಲಾಡುತ್ತದೆ. ಪ್ರಯೋಗಶಾಲೆಯಲ್ಲಿ ಎರಡು ಗುಂಡುಸೂಜಿಗಳನ್ನು ನಿಲ್ಲಿಸಿ, ತಲೆಯನ್ನು ಅತ್ತಿತ್ತ ಆಡಿಸಿ, ಅವು ಒಟ್ಟಿಗೆ ಸರಿಯುವ ತನಕ ಹೊಂದಿಸುತ್ತಿದ್ದೆವಲ್ಲ, ಅದೇ ಪಾಠ. ದೊಡ್ಡ ರೈಫಲ್ಲಿಗೆಂದು ಮಾಡಿದ ಅನೇಕ ದುರ್ಬೀನುಗಳನ್ನು ನೂರು ಗಜಕ್ಕೆ ಹೊಂದಿಸಿ ಕಳಿಸಿರುತ್ತಾರೆ. ಹತ್ತು ಮೀಟರಿನಲ್ಲಿ ಅವುಗಳಲ್ಲಿ ಬಿಂಬವೇ ಕಲಸಿಹೋಗುತ್ತದೆ. ಆದ್ದರಿಂದ ಹತ್ತಿರದ ಗುರಿಗೆ ಕೊಳ್ಳುವವರು ವರ್ಧನೆಯ ಅಂಕಿಗಿಂತ ಮೊದಲು ಅದು ಕನಿಷ್ಠ ಎಷ್ಟು ದೂರದಿಂದ ಸ್ಪಷ್ಟವಾಗುತ್ತದೆ ಎಂದು ವಿಚಾರಿಸಬೇಕು. ಸ್ಪ್ರಿಂಗ್ ಬಲದ ಏರ್ ರೈಫಲ್ಲಾದರೆ ಅದನ್ನು ತಡೆಯುವಂಥ ದುರ್ಬೀನೇ ಬೇಕು. ಅದರ ಪಿಸ್ಟನ್ ಮುಂದಕ್ಕೆ ಹೋಗಿ ಬಡಿಯುವಾಗ ಹಿಂದಕ್ಕೂ ಮುಂದಕ್ಕೂ ಎರಡು ಏಟು ಬೀಳುವುದರಿಂದ, ದೊಡ್ಡ ರೈಫಲ್ಲಿನ ಮೇಲೆ ಬಾಳಿದ ದುರ್ಬೀನು ಇದರ ಮೇಲೆ ಕೆಟ್ಟುಹೋಗಬಹುದು.

ಅಕ್ಕನ ಮಗ ಹೇಳಿದ ಸಂಗತಿ ನನಗೆ ಇನ್ನೂ ಸ್ವಾರಸ್ಯವಾಗಿ ಕಂಡಿತು. ಅವನು ಆಡುವ ಪ್ರಕಾರಕ್ಕೆ ಎಫ್ ಕ್ಲಾಸ್ ಎಂದು ಹೆಸರು. ಕೆನಡಾದ ಜಾರ್ಜ್ ಫರ್ಕರ್ಸನ್ ಎಂಬ ಹಿರಿಯ ಶೂಟರ್ ಇದನ್ನು ಆರಂಭಿಸಿದವರು. ಅವರ ಹೆಸರಿನ ಮೊದಲಕ್ಷರವೇ ಇದಕ್ಕೆ ಅಂಟಿದೆ. ವಯಸ್ಸಾಗಿ ಕಣ್ಣು, ಕೈ ಸೋತವರೂ ಆಟ ಬಿಡದಂತೆ, ಮಲಗಿಕೊಂಡು, ರೈಫಲ್ಲಿಗೆ ಆಸರೆ ಕೊಟ್ಟು, ದುರ್ಬೀನಿನಲ್ಲಿ ನೋಡಿ ಹೊಡೆಯಲು ಇದರಲ್ಲಿ ಅವಕಾಶವಿದೆ. ಸಾವಿರ ಗಜದಾಚೆ, ಅಂದರೆ 914 ಮೀಟರ್ ದೂರದಲ್ಲಿ, ಹತ್ತು ಅಂಕದ ವೃತ್ತ ಸುಮಾರು 1 ಕಲೆಯಷ್ಟು. ಒಂದು ಊಟದ ತಟ್ಟೆಯ ಗಾತ್ರ ಎನ್ನಬಹುದು. ಅದರೊಳಗಿನ ಅತಿ ಚಿಕ್ಕ ವೃತ್ತ ಅರ್ಧ ಕಲೆ. ಹೆಚ್ಚು ವರ್ಧನೆಯ ದುರ್ಬೀನಿಗೆ ನಿಜವಾದ ಕೆಲಸವಿರುವುದು ಇಂಥಲ್ಲಿ.

"ಹಾಗಾದರೆ ನೀನು ಐವತ್ತು ಪಟ್ಟಿನಲ್ಲೇ ನೋಡುತ್ತೀಯಾ?" ಎಂದು ಕೇಳಿದೆ.

"ಇಲ್ಲ ಮಾವ. ಬೆಳಿಗ್ಗೆ ತಂಪಿನಲ್ಲಿ ನಲವತ್ತರ ತನಕ ಹೋಗುತ್ತೇನೆ. ಬಿಸಿಲೇರಿದ ಮೇಲೆ ಇಪ್ಪತ್ತು, ಇಪ್ಪತ್ತೈದಕ್ಕೆ ಇಳಿಸುತ್ತೇನೆ" ಎಂದ.

ಕಾರಣ ಬಿಸಿಲ್ಗುದುರೆ. ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ಸವಳಂಗ ರಸ್ತೆಯಲ್ಲಿ ನಿಂತು ದೂರಕ್ಕೆ ನೋಡಿದವರು ಇದನ್ನು ಬಲ್ಲರು. ಟಾರಿನ ಮೇಲೆ ನೀರು ನಿಂತಂತೆ, ಎದುರಿನಿಂದ ಬರುವ ಬಸ್ಸು ಆ ನೀರಿನಲ್ಲಿ ತೇಲಿದಂತೆ ಕಾಣುತ್ತದೆ. ಕಾದ ನೆಲದ ಮೇಲಿನ ಗಾಳಿಯ ಪದರಗಳಲ್ಲಿ ಬೆಳಕು ಬಾಗುತ್ತ ಬರುವುದರ ಫಲ ಅದು. ದುರ್ಬೀನು ಗುರಿಯನ್ನು ಹಿಗ್ಗಿಸುವಾಗ ನಡುವಿನ ಈ ಗಾಳಿಯ ಕುದಿತವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಕಡಿಮೆ ವರ್ಧನೆಯಲ್ಲಿ ದುಂಡಾಗಿ ನಿಂತಿದ್ದ ಕಪ್ಪು ವೃತ್ತ ಹೆಚ್ಚು ವರ್ಧನೆಯಲ್ಲಿ ಕುದಿಯುವ ಎಸರಿನೊಳಗಿನ ಕಾಳಿನಂತೆ ಕುಣಿಯತೊಡಗುತ್ತದೆ. ಅನುಭವಿಗಳು ಆ ಕುಣಿತ ಯಾವ ಕಡೆಗೆ ವಾಲುತ್ತಿದೆ ಎಂಬುದರಿಂದಲೇ ಗಾಳಿಯ ದಿಕ್ಕನ್ನೂ ಬಿರುಸನ್ನೂ ಅಳೆಯುತ್ತಾರಂತೆ.

ಗಾಳಿಯ ಕುದಿತದಂತೆಯೇ ಹೊಡೆಯುವವನ ನಡುಕವನ್ನೂ ದುರ್ಬೀನು ಹಿಗ್ಗಿಸುತ್ತದೆ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಎನ್.ಸಿ.ಸಿ. ಇತ್ತು. ಮಕ್ಕಳು .22 ರೈಫಲ್ಲಿನಿಂದ ಗುಂಡು ಹೊಡೆಯುವ ದಿನ ಜೊತೆಗೆ ಹೋಗುವ ಕೆಲಸ ಕೆಲವು ಸಲ ನನಗೆ ಬೀಳುತ್ತಿತ್ತು. ಅಲ್ಲಿನ ಹವಾಲ್ದಾರರು ಹುಡುಗರ ಗುರಿಕಾಗದವನ್ನು ತಂದಾಗ ಗುಂಡು ನಡುವಿಗೆ ಬಿದ್ದಿದೆಯೇ ಎಂದು ಮೊದಲು ನೋಡುತ್ತಿರಲಿಲ್ಲ. ಐದೂ ತೂತುಗಳು ಒಂದರ ಹತ್ತಿರ ಒಂದಿವೆಯೇ ಎಂದು ನೋಡುತ್ತಿದ್ದರು. ಅದಕ್ಕೆ ಅವರು ಗ್ರೂಪಿಂಗ್ ಎನ್ನುತ್ತಿದ್ದರು. ಐದೂ ಗುಂಡು ಒಂದು ರೂಪಾಯಿ ನಾಣ್ಯದ ಕೆಳಗೆ ಮುಚ್ಚಿಹೋಗುವಂತೆ ಬಿದ್ದಿದ್ದರೆ, ಅದು ಮೂಲೆಯಲ್ಲಿದ್ದರೂ ಅವರಿಗೆ ಸಂತೋಷ. ಸೈಟನ್ನು ಹೊಂದಿಸಿ ಅದನ್ನು ನಡುವಿಗೆ ತರಬಹುದು. ಚೆಲ್ಲಾಪಿಲ್ಲಿಯಾಗಿದ್ದರೆ ಒಂದು ಗುಂಡು ನಟ್ಟನಡುವೆ ಬಿದ್ದಿದ್ದರೂ ಅವರು ಮುಖ ಸಪ್ಪಗೆ ಮಾಡುತ್ತಿದ್ದರು.

ದುರ್ಬೀನಿನ ತಿರುಪು ಮಾಡುವುದೂ ಇಷ್ಟನ್ನೇ: ಇಡೀ ಗುಂಪನ್ನು ಎತ್ತಿ ಬೇರೆಡೆ ಇಡುತ್ತದೆ. ಗುಂಪನ್ನು ಕಿರಿದು ಮಾಡುವುದು ಉಸಿರಿನ ಹಿಡಿತ, ಹೆಗಲಿನ ಒತ್ತು, ಟ್ರಿಗರಿನ ಮೇಲಿನ ಬೆರಳು. ಮರಳುಚೀಲದ ಆಸರೆಯಿಲ್ಲದೆ ನಿಂತು ಹೊಡೆಯುವವನಿಗೆ 32 ಪಟ್ಟಿನ ದುರ್ಬೀನು ಕೊಟ್ಟರೆ ಅವನಿಗೆ ತನ್ನ ನಾಡಿಯ ಬಡಿತವೂ ಗುರಿಯ ಮೇಲೆ ಕಾಣಿಸುತ್ತದೆ. ಗೆರೆ ನಡುವನ್ನು ದಾಟುವ ಆ ಒಂದು ಕ್ಷಣವನ್ನು ಹಿಡಿಯಲು ಹೋಗಿ ಟ್ರಿಗರನ್ನು ಚಿಮ್ಮಿಬಿಡುತ್ತಾನೆ. ನೆಲದಲ್ಲಿ ಬೇರೂರಿದಂತೆ ಮಲಗಿ, ಆಸರೆ ಕೊಟ್ಟು ಹೊಡೆಯುವವರಿಗೆ ಹಿತವಾದದ್ದು ನಿಂತು ಹೊಡೆಯುವವರಿಗೆ ಹಿತವಲ್ಲ.

ಇಷ್ಟೆಲ್ಲ ತಿಳಿದ ಮೇಲೆ ನಾನು ಕಡೆಯದಾಗಿ ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮಗಳನ್ನು ನೋಡಿದೆ. ನನ್ನ ವಿದ್ಯಾರ್ಥಿಯ ಪಟ್ಟಿಗೆ ಅಲ್ಲಿ ಒಂದೇ ಸಾಲಿನಲ್ಲಿ ಉತ್ತರವಿತ್ತು. ಹತ್ತು ಮೀಟರ್ ಏರ್ ರೈಫಲ್ಲಿನಲ್ಲಾಗಲಿ, ಐವತ್ತು ಮೀಟರ್ ರೈಫಲ್ಲಿನಲ್ಲಾಗಲಿ ಕೋವಿಯ ಮೇಲೆ ದುರ್ಬೀನು ಕೂರಿಸುವಂತಿಲ್ಲ. ಐವತ್ತು ಮೀಟರಿನಲ್ಲಿ ಬಿದ್ದ ಗುಂಡನ್ನು ನೋಡಲು ಪಕ್ಕದಲ್ಲಿ ಬೇರೊಂದು ದುರ್ಬೀನು ಇಟ್ಟುಕೊಳ್ಳಬಹುದು, ಅಷ್ಟೆ. ಚಲಿಸುವ ಗುರಿಗೆ ಹೊಡೆಯುವ ಪ್ರಕಾರದಲ್ಲಿ ಮಾತ್ರ ದುರ್ಬೀನಿಗೆ ಅವಕಾಶವಿದೆ; ಹತ್ತು ಮೀಟರಿನಲ್ಲಿ ಅದೂ ನಾಲ್ಕು ಪಟ್ಟನ್ನು ಮೀರುವಂತಿಲ್ಲ. ಅಭಿನವ್ ಬಿಂದ್ರಾ 2008ರ ಆಗಸ್ಟ್ 11ರಂದು ಬೀಜಿಂಗಿನಲ್ಲಿ ಕೊನೆಯ ಗುಂಡಿಗೆ 10.8 ಹೊಡೆದು ಒಟ್ಟು 700.5 ಅಂಕದೊಡನೆ ಚಿನ್ನ ಗೆದ್ದದ್ದು ದುರ್ಬೀನಿಲ್ಲದೆ. ನಮ್ಮ ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್ಸಿನಲ್ಲಿ ಐವತ್ತು ಮೀಟರಿನ ಮೂರು ಭಂಗಿಗಳಲ್ಲಿ ಕಂಚು ಗೆದ್ದದ್ದೂ ದುರ್ಬೀನಿಲ್ಲದೆ.

ಹಾಗಾದರೆ ಇವರಿಗೆ ಕಾಣುವುದಾದರೂ ಏನು? ಹತ್ತು ಮೀಟರ್ ಏರ್ ರೈಫಲ್ಲಿನ ಗುರಿಕಾಗದದ ನಡುವಿನ ಹತ್ತರ ಚುಕ್ಕೆಯ ವ್ಯಾಸ ಅರ್ಧ ಮಿ.ಮೀ. ಪೆನ್ನಿನ ತುದಿಯಿಂದ ಇಟ್ಟ ಒಂದು ಬೊಟ್ಟು ಎನ್ನಿ. ಆ ದೂರದಲ್ಲಿ ಬರಿಗಣ್ಣಿನ ಮಿತಿ 2.9 ಮಿ.ಮೀ. ಎಂದು ಆಗಲೇ ಲೆಕ್ಕ ಹಾಕಿದೆವು. ಅಂದರೆ ಎಂತಹ ಚುರುಕುಗಣ್ಣಿನವರಿಗೂ, ಒಲಿಂಪಿಕ್ಸ್ ಗೆದ್ದವರಿಗೂ, ಆ ಚುಕ್ಕೆ ಕಾಣುವುದಿಲ್ಲ! ಐವತ್ತು ಮೀಟರಿನ ಹತ್ತರ ವೃತ್ತ 10.4 ಮಿ.ಮೀ.; ಅದೂ ಕಣ್ಣಿನ ಮಿತಿಯಾದ ಹದಿನಾಲ್ಕೂವರೆಗಿಂತ ಚಿಕ್ಕದೇ. ಅವರಿಗೆ ಕಾಣುವುದು ಅದರ ಸುತ್ತಲಿನ ಕಪ್ಪು ವೃತ್ತ ಮಾತ್ರ. ಏರ್ ರೈಫಲ್ಲಿನಲ್ಲಿ ಅದರ ವ್ಯಾಸ 30.5 ಮಿ.ಮೀ. ಕಣ್ಣಿನ ಹತ್ತಿರ ಸೂಜಿಯ ತೂತಿನಂಥ ಒಂದು ರಂಧ್ರ, ನಳಿಗೆಯ ತುದಿಯಲ್ಲಿ ಒಂದು ಸಣ್ಣ ಬಳೆ, ಆಚೆಗೆ ಕಪ್ಪು ವೃತ್ತ. ಮೂರನ್ನೂ ಒಂದರೊಳಗೊಂದು ಸಮನಾಗಿ ಕೂರಿಸಿದರೆ ಕಾಣದ ಚುಕ್ಕೆ ತಾನಾಗಿ ನಡುವಿಗೆ ಬಂದಿರುತ್ತದೆ.

ಕಣ್ಣಿನ ಇನ್ನೊಂದು ಶಕ್ತಿ ಇಲ್ಲಿ ನೆರವಾಗುತ್ತದೆ. ಎರಡು ಬಿಂದುಗಳನ್ನು ಬೇರೆಬೇರೆಯಾಗಿ ಕಾಣಲು ನಮ್ಮ ಕಣ್ಣಿಗೆ 60 ವಿಕಲೆ ಬೇಕು. ಆದರೆ ಎರಡು ಗೆರೆಗಳು ಒಂದೇ ನೇರದಲ್ಲಿಲ್ಲ ಎಂಬುದನ್ನು ಅದು ಹತ್ತು ವಿಕಲೆಗಿಂತ ಕಡಿಮೆಯ ಅಂತರದಲ್ಲೂ ಗುರುತಿಸಬಲ್ಲದು. ವರ್ನಿಯರ್ ಕ್ಯಾಲಿಪರ್ಸಿನಲ್ಲಿ ಯಾವ ಗೆರೆ ಯಾವ ಗೆರೆಗೆ ಕೂಡಿತೆಂದು ಒಂಬತ್ತನೆಯ ತರಗತಿಯ ಹುಡುಗನೂ ಹೇಳುವುದು ಈ ಶಕ್ತಿಯಿಂದಲೇ. ಹತ್ತರ ಚುಕ್ಕೆ ಹತ್ತು ಮೀಟರಿನಲ್ಲಿ ಕಣ್ಣಿಗೆ ಮಾಡುವ ಕೋನವೂ ಸರಿಸುಮಾರು 10 ವಿಕಲೆ. ಈ ಎರಡು ಸಂಖ್ಯೆಗಳು ಹೀಗೆ ಅಕ್ಕಪಕ್ಕ ಬಂದು ನಿಂತದ್ದನ್ನು ಕಂಡು ಆ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ನನ್ನಾಕೆ, "ನಿವೃತ್ತರಾಗಿ ಇಷ್ಟು ವರ್ಷವಾಯಿತು, ಇನ್ನೂ ನಾಳೆಯ ಪಾಠ ಸಿದ್ಧ ಮಾಡುತ್ತಿದ್ದೀರಾ?" ಎಂದಳು.

ಮುಂದಿನ ಭಾನುವಾರ ತಂದೆ ಮಗಳನ್ನೂ ಕರೆದುಕೊಂಡು ಬಂದ. ದುರ್ಬೀನಿನ ಸಂಗತಿ ತಿಳಿದು ಹುಡುಗಿ, "ಅಪ್ಪಾ, ಅದನ್ನು ಹಾಕಿಕೊಂಡು ಹೋದರೆ ನನ್ನನ್ನು ಒಳಗೇ ಬಿಡೋದಿಲ್ಲ!" ಎಂದು ನಕ್ಕಳು. ನಗುವಿನ ಹಿಂದೆಯೇ ಸುಮ್ಮನಾದಳು. ನಾನು ಕಾಗದದ ಮೇಲೆ ಮೇಲಿನ ಲೆಕ್ಕವನ್ನೆಲ್ಲ ಬರೆದು ತೋರಿಸಿದೆ.

"ಹಾಗಾದರೆ ಯಾರಿಗೂ ಕಾಣೋದಿಲ್ಲವಾ ಅಜ್ಜ?"

"ಯಾರಿಗೂ ಕಾಣೋದಿಲ್ಲ ಮಗೂ. ಬಿಂದ್ರಾನಿಗೂ ಕಾಣುತ್ತಿರಲಿಲ್ಲ."

ಅವಳು ಆ ಕಾಗದವನ್ನು ಬಹಳ ಹೊತ್ತು ನೋಡುತ್ತ ಕುಳಿತಳು. ಅನಂತರ ನಾನು, ನೀನು ಗುರಿ ಹಿಡಿಯುವ ಹಾಗೆ ಒಮ್ಮೆ ನಿಂತು ತೋರಿಸು ಎಂದೆ. ಮೂಲೆಯಲ್ಲಿದ್ದ ನನ್ನ ಊರುಗೋಲನ್ನೇ ರೈಫಲ್ಲಿನಂತೆ ಹಿಡಿದು, ಕೆನ್ನೆ ಒತ್ತಿ ನಿಂತಳು. ಪಕ್ಕದಿಂದ ನೋಡಿದಾಗ ವಿಷಯ ಸ್ಪಷ್ಟವಾಯಿತು. ತಲೆ ಮುಂದಕ್ಕೆ ಬಾಗಿ ಓರೆಯಾದಾಗ ಅವಳು ಕನ್ನಡಕದ ಮಸೂರದ ನಡುವಿನಿಂದ ನೋಡುತ್ತಿರಲಿಲ್ಲ. ಮೂಗಿನ ಬದಿಯ ಮೇಲಿನ ಮೂಲೆಯಿಂದ ನೋಡುತ್ತಿದ್ದಳು. ಮಸೂರದ ಅಂಚಿನಲ್ಲಿ ಓರೆಯಾಗಿ ಹಾದ ಬೆಳಕು ಸರಿಯಾದ ಬಿಂಬ ಕೊಡುವುದಿಲ್ಲ. ದುಂಡಗಿನ ವೃತ್ತವನ್ನು ಸೊಟ್ಟಗೂ ಮಸುಕಾಗಿಯೂ ತೋರಿಸುತ್ತದೆ. ಅವಳ ಕನ್ನಡಕದ ನಂಬರು ಆ ವರ್ಷ ಹೆಚ್ಚಾಗಿತ್ತು. ನಂಬರು ಹೆಚ್ಚಿದಷ್ಟೂ ಈ ದೋಷವೂ ಹೆಚ್ಚು. ಕೋವಿಯ ಮೇಲೆ ದುರ್ಬೀನಿಗೆ ಅವಕಾಶವಿಲ್ಲದಿದ್ದರೂ ದೃಷ್ಟಿ ತಿದ್ದುವ ಮಸೂರಕ್ಕೆ ನಿಯಮದಲ್ಲಿ ಅವಕಾಶವಿದೆ. ಶೂಟರುಗಳಿಗೆಂದೇ ಒಂದು ಬಗೆಯ ಚೌಕಟ್ಟು ಸಿಗುತ್ತದೆ. ಅದರಲ್ಲಿ ಗುರಿ ನೋಡುವ ಕಣ್ಣಿನ ಮಸೂರವನ್ನು ಸರಿಸಿ, ತಿರುಗಿಸಿ, ನೋಟದ ನೇರಕ್ಕೆ ಲಂಬವಾಗಿ ನಿಲ್ಲುವಂತೆ ಹೊಂದಿಸಬಹುದು.

ಹುಡುಗಿ ಬೆಂಗಳೂರಿಗೆ ಹೋದ ಮೇಲೆ ಕಣ್ಣಿನ ವೈದ್ಯರಲ್ಲಿ ಪರೀಕ್ಷೆ ಮಾಡಿಸಿ, ಕ್ಲಬ್ಬಿನ ತರಬೇತುದಾರರ ಎದುರಿನಲ್ಲಿ ಅಂಥ ಮಸೂರವನ್ನು ಹೊಂದಿಸಿಕೊಂಡಳು. ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣಬೇಕಾದದ್ದು ನಳಿಗೆಯ ತುದಿಯ ಬಳೆ, ಆಚೆಯ ಕಪ್ಪು ವೃತ್ತ ಒಂದಿಷ್ಟು ಮಸುಕಾಗಿದ್ದರೂ ನಡೆಯುತ್ತದೆ ಎಂದು ಅವರು ಹೇಳಿದರಂತೆ. ಕಣ್ಣಿನ ಬಳಿಯ ಸಣ್ಣ ರಂಧ್ರ ಹತ್ತಿರದ ಮತ್ತು ದೂರದ ವಸ್ತುಗಳೆರಡನ್ನೂ ಒಂದು ಮಟ್ಟಿಗೆ ತಿಳಿಯಾಗಿಸುತ್ತದೆ. ಬೂಟಿನ ಡಬ್ಬಿಗೆ ಸೂಜಿಯಿಂದ ತೂತು ಮಾಡಿ ನಾವು ಶಾಲೆಯಲ್ಲಿ ತಯಾರಿಸುತ್ತಿದ್ದ ಸೂಜಿರಂಧ್ರ ಕ್ಯಾಮೆರಾದ ತತ್ವವೇ ಇದು. ಕನ್ನಡಕ ಮರೆತ ಮುದುಕರು ಮುಷ್ಟಿಯ ಸಂದಿಯಿಂದ ಬಸ್ಸಿನ ಬೋರ್ಡು ಓದುವುದೂ ಇದೇ ಉಪಾಯದಿಂದ.

ತಂದೆಗೆ ಮಾತ್ರ ಸಂಪೂರ್ಣ ಸಮಾಧಾನವಾಗಿರಲಿಲ್ಲ. "ಹೇಗೂ ಮನಸ್ಸು ಮಾಡಿದ್ದೇನೆ ಮೇಷ್ಟ್ರೇ, ಒಂದು ಚಿಕ್ಕ ದುರ್ಬೀನನ್ನಾದರೂ ಮನೆಯ ಕೋವಿಗೆ ಹಾಕಿಸುತ್ತೇನೆ. ಅಡಕೆ ಕೊನೆಗೆ ಕೊಳೆ ಬಂದಿದೆಯಾ ಅಂತ ಕೆಳಗಿನಿಂದಲೇ ನೋಡಬಹುದು" ಎಂದ. ನಾನು ಅವನನ್ನು ಗದರಿಸಿದೆ. ಕೋವಿಯ ಮೇಲಿನ ದುರ್ಬೀನಿನಿಂದ ಯಾವುದನ್ನು ನೋಡುತ್ತೇವೆಯೋ ಕೋವಿಯ ಬಾಯಿಯೂ ಅದರ ಕಡೆಗೇ ತಿರುಗಿರುತ್ತದೆ. ಕೊನೆಯ ಮರೆಯಲ್ಲಿ ಔಷಧಿ ಹೊಡೆಯುವ ಆಳು ಇದ್ದರೇನು ಗತಿ? ಹೊಡೆಯಲು ಉದ್ದೇಶವಿಲ್ಲದ ಯಾವುದರ ಕಡೆಗೂ ಕೋವಿಯನ್ನು ತಿರುಗಿಸಬಾರದೆಂಬುದು ಈ ವಿದ್ಯೆಯ ಮೊದಲ ಪಾಠ. ಗುಂಡು ತುಂಬಿಲ್ಲವೆಂಬ ಸಮಜಾಯಿಷಿಗೆ ಅಲ್ಲಿ ಜಾಗವಿಲ್ಲ. ನೋಡುವುದಕ್ಕೇ ಬೇಕಾದರೆ 8×42ರ ಎರಡು ಕಣ್ಣಿನ ಬೈನಾಕ್ಯುಲರ್ ತೆಗೆದುಕೋ ಎಂದೆ. ಅದರ ಬೆಳಕಿನ ಕಂಬ ಐದು ಮಿ.ಮೀ.ಗೂ ಹೆಚ್ಚು, ಮಳೆಗಾಲದ ಮಬ್ಬಿನಲ್ಲೂ ತೋಟದೊಳಗೆ ಚೆನ್ನಾಗಿ ಕಾಣುತ್ತದೆ. ಪಟ್ಟಿಯಲ್ಲಿದ್ದ ದೊಡ್ಡ ದುರ್ಬೀನಿನ ಬೆಲೆಯ ಒಂದು ಸಣ್ಣ ಅಂಶದಲ್ಲಿ ಅದು ಬಂತು. ಈಗ ಅವನ ಮನೆಯಲ್ಲಿ ಎಲ್ಲರೂ ಅದಕ್ಕಾಗಿ ಜಗಳವಾಡುತ್ತಾರಂತೆ.

ನಿಜವಾಗಿಯೂ ದುರ್ಬೀನು ಬೇಕಾದವರು, ಅಂದರೆ ಆಸರೆ ಕೊಟ್ಟು, ನೂರು ಮೀಟರಿನಾಚೆಗೆ, ಪರವಾನಗಿಯ ರೈಫಲ್ಲಿನಿಂದ, ಗುರಿಮೈದಾನದಲ್ಲಿ ಹೊಡೆಯುವವರು, ನನ್ನ ಅಕ್ಕನ ಮಗ ಹೇಳಿದ ಕ್ರಮವನ್ನು ನೆನಪಿಡಬಹುದು. ಮೊದಲು ತಾವು ಆಡುವ ಸ್ಪರ್ಧೆಯ ನಿಯಮ. ಎರಡನೆಯದು ಗಾಜಿನ ಗುಣ. ಮೂರನೆಯದು ತಿರುಪು ಪ್ರತಿ ಸಲವೂ ಹೇಳಿದಷ್ಟೇ ಸರಿದು, ಹಿಂದಕ್ಕೆ ತಿರುಗಿಸಿದಾಗ ಮೊದಲಿನ ಜಾಗಕ್ಕೇ ಬರುತ್ತದೆಯೇ ಎಂಬ ಪರೀಕ್ಷೆ. ನಾಲ್ಕನೆಯದು ಪ್ಯಾರಲಾಕ್ಸ್ ಹೊಂದಿಸುವ ಸೌಕರ್ಯ. ವರ್ಧನೆಯ ಅಂಕಿ ಇವೆಲ್ಲದರ ಅನಂತರ ಬರುತ್ತದೆ. ಅಂಗಡಿಯವರು ಮೊದಲು ಹೇಳುವುದು ಮಾತ್ರ ಅದನ್ನೇ.

ಓದುವಾಗ ಸಿಕ್ಕ ಇನ್ನೊಂದು ಸಂಗತಿಯನ್ನು ಆ ಹುಡುಗಿಗೆ ಹೇಳದೆ ಇರಲಾಗಲಿಲ್ಲ. ವಿಶೇಷಚೇತನರ ಶೂಟಿಂಗಿನಲ್ಲಿ ದೃಷ್ಟಿಯಿಲ್ಲದವರಿಗೂ ಒಂದು ವಿಭಾಗವಿದೆ. ಅವರ ರೈಫಲ್ಲು ಗುರಿಯ ನಡುವಿಗೆ ಹತ್ತಿರವಾದಂತೆ ಕಿವಿಯಲ್ಲಿ ಕೇಳುವ ನಾದದ ಶ್ರುತಿ ಏರುತ್ತ ಹೋಗುತ್ತದೆ. ಆ ನಾದವನ್ನು ಹಿಡಿದು ಅವರು ಗುಂಡು ಹೊಡೆಯುತ್ತಾರೆ. ನಮ್ಮ ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ಅವರು ಬೇರೊಂದು ವಿಭಾಗದಲ್ಲಿ, ಕೈಗಳಿಗೂ ಆಸರೆ ಬೇಕಾದವರ ಏರ್ ರೈಫಲ್ಲಿನಲ್ಲಿ, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿಗೆ ಹೋಗಿದ್ದರು.

ಮೊದಲ ಸ್ಪರ್ಧೆಯಲ್ಲಿ ಅವಳಿಗೆ ಪದಕವೇನೂ ಬರಲಿಲ್ಲ. ಎಪ್ಪತ್ತೈದು ನಿಮಿಷದಲ್ಲಿ ಅರುವತ್ತು ಗುಂಡು. ಗರಿಷ್ಠ ಅಂಕ 654. ಅವಳು ಅದರಿಂದ ಬಹಳ ಕೆಳಗಿದ್ದಳು. ಆದರೆ ಹಿಂದಿನ ಸಲಕ್ಕಿಂತ ಮೇಲಿದ್ದಳು, ಮತ್ತು ಅರುವತ್ತನೆಯ ಗುಂಡಿನ ತನಕ ನಿಂತಿದ್ದಳು. ಸಂಜೆ ಫೋನು ಮಾಡಿ, "ಅಜ್ಜ, ಇವತ್ತು ಹದಿನೇಳು ಸಲ ಹತ್ತೂವರೆಗಿಂತ ಮೇಲೆ ಬಿತ್ತು. ಒಂದು ಸಲವೂ ಚುಕ್ಕೆ ಕಾಣಲಿಲ್ಲ" ಎಂದಳು.